ಮಹಡಿ ಅಂಗಡಿಯ ಮಂಗಳವಾರ

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಕೆಳಗೆ ಕಾಫಿ ಹೋಟೆಲು, ಮೇಲೆ ಬಾಡಿಗೆ ಕೋಣೆಗಳು ಇರುವ ಕಟ್ಟಡವನ್ನು ನಮ್ಮ ವಯಸ್ಸಿನವರು ಇಂದಿಗೂ ಮಹಡಿ ಅಂಗಡಿ ಎಂದೇ ಕರೆಯುತ್ತೇವೆ. ಹೋಟೆಲಿನವರು ದೊಡ್ಡದಾಗಿ ಬೋರ್ಡು ಬರೆಸಿದ್ದಾರೆ, ಪಾಪ. ಆ ಹೆಸರು ನಮ್ಮ ಬಾಯಿಗೆ ಬರುವುದೇ ಇಲ್ಲ.

ನಾನು ಮದುವೆಯಾಗಿ ಬಂದಾಗ ಅದು ಕೊಬ್ಬರಿ ಮಂಡಿ. ಮುಂದೆ ಹಾದರೆ ಸೆರಗಿಗೂ ವಾಸನೆ ಹತ್ತುತ್ತಿತ್ತು. ಆಮೇಲೆ ಒಬ್ಬ ಸಾಹುಕಾರರು ಅದನ್ನು ಕೊಂಡು, ಮೇಲೆ ಮಹಡಿ ಕಟ್ಟಿಸಿ, ಎಲ್ಲ ಸಾಮಾನೂ ಒಂದೇ ಕಡೆ ಸಿಗುವ ಅಂಗಡಿ ಮಾಡಿದರು. ಕೆಳಗೆ ಲಾಟೀನು, ಕೊಡೆ, ತಾಮ್ರದ ಹಂಡೆ, ಸೋಪು, ಮೇಲೆ ಜವಳಿ. ಬೇಲೂರು, ಹಳೇಬೀಡಿನ ಕಡೆಯವರೂ ಮದುವೆ ಸೀರೆಗೆ ಅಲ್ಲಿಗೇ ಬರುತ್ತಿದ್ದರು. ಹೆಂಗಸರಿಗೆಂದು ಪಕ್ಕದಲ್ಲಿ ಬೇರೆ ಮೆಟ್ಟಿಲಿತ್ತು. ಜಮಖಾನದ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಸೀರೆಯ ಮೇಲೆ ಸೀರೆ ಬಿಡಿಸಿ ಹಾಕುತ್ತಿದ್ದರು. ಕೊಳ್ಳದೆ ಎದ್ದರೂ ಮುಖ ಸಿಂಡರಿಸುತ್ತಿರಲಿಲ್ಲ. ನಾನು ಎಷ್ಟೋ ಸಲ ಬರಿಗೈಲಿ ಎದ್ದು ಬಂದಿದ್ದೇನೆ. ನೋಡಿದ್ದಕ್ಕೇ ಮನಸ್ಸು ತುಂಬುತ್ತಿತ್ತು, ಅದೂ ದೇವರು ಕೊಟ್ಟದ್ದೇ. ಮಂಗಳವಾರ ಮಾತ್ರ ಮಹಡಿ ಖಾಲಿ. ನಮ್ಮ ಕಡೆ ಆ ದಿನ ಹೊಸ ಬಟ್ಟೆಗೆ ಕತ್ತರಿ ಇಡುವುದಿಲ್ಲ. ಸಾಹುಕಾರರು ಅಂದು ಧೂಳು ಹೊಡೆಸುತ್ತಿದ್ದರು.

ಯುದ್ಧ ಬಂತು, ಬಟ್ಟೆಗೂ ಕಂಟ್ರೋಲ್ ಬಂತು. ಜಮಖಾನ ಸುತ್ತಿಟ್ಟರು. ಲಾಟೀನು ತೂಗುತ್ತಿದ್ದ ಜಾಗಕ್ಕೆ ರಾಗಿ ಮೂಟೆ, ಸೀಮೆಎಣ್ಣೆ ಡಬ್ಬ ಬಂದು, ಅಂಗಡಿ ರೇಷನ್ ಡಿಪೋ ಆಯಿತು.

ಅದೇ ಕಾಲಕ್ಕೆ ನನ್ನ ನಾದಿನಿಗೆ ಗೆಂಡೆಹಳ್ಳಿಯ ಗಂಡು ಗೊತ್ತಾಯಿತು. ನಾನು ಈ ಮನೆಗೆ ಬಂದಾಗ ತೊಟ್ಟಿಲಲ್ಲಿದ್ದ ಮಗು ಅದು, ನನ್ನ ಮಡಿಲಲ್ಲೇ ಬೆಳೆದವಳು. ನಮ್ಮಲ್ಲಿ ಧಾರೆಗೆ ಬಿಳಿ ಸೀರೆಯನ್ನು ಅರಿಸಿನದ ನೀರಿನಲ್ಲಿ ಅದ್ದಿ ಉಡಿಸುತ್ತೇವೆ. ಅದು ಹೊಸದೇ ಆಗಿರಬೇಕು. ಮದುವೆ ಹತ್ತಿರ ಬಂದರೂ ಡಿಪೋಗೆ ಬಟ್ಟೆಯೇ ಬರಲಿಲ್ಲ. ಅತ್ತೆಯವರು ಮಾಲೇಕಲ್ಲಿನ ವೆಂಕಟರಮಣನಿಗೆ ಮುಡಿಪು ಕಟ್ಟಿದರು. ದೇವರು ಕೇಳಿಸಿಕೊಂಡ, ಬಟ್ಟೆ ಬಂತು. ಆದರೆ ಬಂದದ್ದು ಮಂಗಳವಾರ.

ಅತ್ತೆಯೂ ನಾನೂ ಹೋಗಿ ಸಾಲಿನಲ್ಲಿ ನಿಂತೆವು. ನಮ್ಮ ಸರದಿಗೆ ಡಿಪೋ ಗುಮಾಸ್ತ ಬಿಳಿ ಬಟ್ಟೆಯ ಹೊಸ ತಾನು, ಅಂದರೆ ಇಡೀ ಸುರುಳಿ, ಬಿಚ್ಚಿ ಕತ್ತರಿ ಎತ್ತಿದ. ಅತ್ತೆ ಎರಡೂ ಕೈಯನ್ನು ಬಟ್ಟೆಯ ಮೇಲೆ ಊರಿಬಿಟ್ಟರು.

"ಬ್ಯಾಡ ಕಣಪ್ಪ! ಮದ್ವೆ ಬಟ್ಟೆ. ಇವತ್ತು ಕತ್ರಿ ಇಡಬ್ಯಾಡ."

"ಕೈ ತೆಗೀರಿ ಅಜ್ಜಿ. ಸರ್ಕಾರಕ್ಕೆ ಮಂಗಳವಾರ ಇಲ್ಲ. ಇವತ್ತು ಬಿಟ್ರೆ ಮತ್ಯಾವಾಗ ಬತ್ತದೋ ನಂಗೊತ್ತಿಲ್ಲ."

ನಾನು ಮೆಲ್ಲಗೆ, "ಕಷ್ಟಕಾಲ ಅಲ್ವಾ ಅತ್ತೆ, ದೇವ್ರು ಒಪ್ಕತಾನೆ ಬಿಡಿ" ಅಂದೆ.

"ದೇವ್ರು ಒಪ್ಕತಾನೆ ಕಣೇ, ಬೀಗ್ರು ಒಪ್ಕಬೇಕಲ್ಲ! ನಾಳೆ ಆ ಮನೇಲಿ ಹಾಲು ಒಡೆದ್ರೂ ನನ್ ಮಗಳ ಸೀರೆ ಮೇಲೇ ತಪ್ಪು ಹಾಕ್ತಾರೆ."

ಅವರ ಕಣ್ಣಲ್ಲಿ ನೀರಾಡಿತು. ನಮ್ಮ ಹಿಂದೆ ನಿಂತಿದ್ದವರು ಗಾಣದ ಮನೆಯ ಯಜಮಾನಿ, ಬಾಗಿಲ ದಾರಂದಕ್ಕೆ ತಲೆ ತಾಗುವಷ್ಟು ಎತ್ತರದ ಹೆಂಗಸು. ಅವರು ಮುಂದೆ ಬಾಗಿ ಕೇಳಿದರು: "ಏನಪ್ಪಾ, ಈ ತಾನು ಎಷ್ಟು ಮನೆಗಾಯ್ತದೆ?"

"ಐದಾರು ಮನೆಗಾಯ್ತದೆ."

"ಹಂಗಾರೆ ಹಿಂದೆ ಇರೋ ನಾವು ನಾಕು ಜನ, ಇವ್ರೂ ಸೇರಿ ಇಡೀ ತಾನೇ ತಗಂಡೋಯ್ತೀವಿ. ಎಲ್ಲಾರ ಕಾರ್ಡಿಗೂ ಮುದ್ರೆ ಹಾಕು. ನಾಳೆ ಮನೇಲಿ ನಾವೇ ಕತ್ತರಿಸ್ಕತೀವಿ. ನಿನ್ ಕತ್ರಿಗೂ ಒಂದಿನ ರಜ ಸಿಗ್ಲಿ."

ಗುಮಾಸ್ತ ತಾನನ್ನು ಅಳೆದು ನೋಡಿದ. ಐದು ಮನೆಗೆ ಸರಿಹೋಗುವಂತಿತ್ತು. ಬೆಳಗಿನಿಂದ ಕತ್ತರಿ ಹಿಡಿದು ಎದ್ದಿದ್ದ ಬೆರಳಿನ ಬೊಬ್ಬೆ ಸವರಿಕೊಂಡು ಮುದ್ರೆ ಒತ್ತಿದ.

ಹೊರಗೆ ಬಂದಮೇಲೆ, ತಾನು ಆ ರಾತ್ರಿ ನಮ್ಮ ಮನೆಯಲ್ಲೇ ಇರಲಿ ಎಂದಾಯಿತು. ಆ ನಾಲ್ವರಲ್ಲಿ ಒಬ್ಬಾಕೆ ನಕ್ಕರು: "ರಾತ್ರೋರಾತ್ರಿ ಅಜ್ಜಿ ತಾನು ಎತ್ಕಂಡು ಜಾವಗಲ್ಲಿಗೆ ಓಡೋದ್ರೆ?"

"ನೀನೂ ಬಾರೆ, ಹೊರೋಕೆ ಜೊತೆಗೊಬ್ಬರು ಬೇಕು" ಎಂದರು ಅತ್ತೆ. ಅಷ್ಟು ಹೊತ್ತಿಗೆ ಅವರಿಗೂ ನಗು ಬಂದಿತ್ತು.

ಬಟ್ಟೆಯ ತಾನು ನಮ್ಮ ಮನೆಯ ದೇವರ ಮುಂದೆ ಕೂತಿತು. ಬುಧವಾರ ಅಡಿಗೆ ಮುಗಿಸಿ ನಾಲ್ವರೂ ನಮ್ಮ ಪಡಸಾಲೆಗೆ ಬಂದರು. ಮನೆಯಲ್ಲಿ ಗಜಕಡ್ಡಿ ಇಲ್ಲ, ಮೊಳದಲ್ಲೇ ಅಳೆಯಬೇಕು. ಯಾರ ಮೊಳ? ಎಲ್ಲರಿಗೂ ಗಾಣದ ಮನೆಯವರ ಉದ್ದ ಕೈಯೇ ಬೇಕು.

"ನನ್ ಕೈಲಿ ಅಳೆದ್ರೆ ಕೊನೇಲಿ ನಿಂತೋಳಿಗೆ ಕರವಸ್ತ್ರ ಮಿಕ್ತದೆ ಅಷ್ಟೆ" ಎಂದರು ಅವರು. "ಮದವಣಗಿತ್ತೀನೇ ಕರೀರಿ. ಅವಳ ಮೊಳಾನೇ ಎಲ್ಲಾರಿಗೂ."

ನಾದಿನಿ ನಾಚುತ್ತಾ ಬಂದು ಕೂತಳು. ಹುಡುಗಿಯದು ಚಿಕ್ಕ ಕೈ. ಅವಳು ಅಳೆದಂತೆ ನಾನು ಕತ್ತರಿಸಿದೆ. ಎಲ್ಲರಿಗೂ ತುಸು ತುಸು ಕಡಿಮೆಯೇ ಬಂತು, ಯಾರೂ ಗೊಣಗಲಿಲ್ಲ. ಐದು ಪಾಲೂ ಮುಗಿದ ಮೇಲೆ ನೋಡಿದರೆ, ತಾನಿನಲ್ಲಿ ಇನ್ನೂ ಒಂದು ತುಂಡು ಉಳಿದಿತ್ತು.

ಅತ್ತೆ ಅದನ್ನೂ ಹಂಚಲು ಹೊರಟರು. ಗಾಣದ ಮನೆಯವರು ತುಂಡನ್ನು ಕಿತ್ತುಕೊಂಡು, ಅರಿಸಿನ ಕುಂಕುಮ ಇಟ್ಟು, ನಾದಿನಿಯ ಮಡಿಲಿಗೆ ಹಾಕಿದರು. "ಕುಬುಸಕ್ಕಾಯ್ತು ಮಗಳೇ. ಹೊಲಿಸ್ಕೋ."

ನಾವು ಸೀರೆಯ ಚಿಂತೆಯಲ್ಲಿ ಕುಬುಸವನ್ನು ಮರೆತೇಬಿಟ್ಟಿದ್ದೆವು. ಅಂದು ಸಂಜೆ ಎರಡನ್ನೂ ಒಂದೇ ಹಂಡೆಯ ಅರಿಸಿನದ ನೀರಿಗೆ ಅದ್ದಿ, ಹಿತ್ತಿಲ ಹಗ್ಗದ ಮೇಲೆ ಹರವಿದೆ.