ಊರಿನವರ ಬೆಂಚು

ಇಂದಿರಾನಗರದ ನಮ್ಮ ಕ್ರಾಸಿನಲ್ಲಿ ಬೆಳಗಾಯಿತು ಎಂದು ಗೊತ್ತಾಗುತ್ತಿದ್ದುದೇ ಲಕ್ಷ್ಮಕ್ಕನ ಕೂಗಿನಿಂದ. “ಸೊಪ್ಪೋ... ದಂಟು, ಸಬ್ಬಸಿಗೆ, ಮೆಂತ್ಯಾ... ಸೊಪ್ಪೋ!” ಬೀದಿಯ ಆ ತುದಿಯಲ್ಲಿ ಹೊರಟ ಕೂಗು ಈ ತುದಿಯ ಮೂರನೆಯ ಮಹಡಿಯಲ್ಲಿ ಹಲ್ಲುಜ್ಜುತ್ತಿದ್ದವರಿಗೂ ಮುಟ್ಟುತ್ತಿತ್ತು. ಬಾಲ್ಕನಿಗಳಿಂದ ಹಗ್ಗ ಕಟ್ಟಿದ ಬುಟ್ಟಿಗಳು ಇಳಿಯುತ್ತಿದ್ದವು. ಅವಳು ಸೊಪ್ಪು ಹಾಕಿ ಹಗ್ಗ ಜಗ್ಗಿದರೆ ಬುಟ್ಟಿ ಮೇಲಕ್ಕೆ ಹೋಗುತ್ತಿತ್ತು. ಎಷ್ಟೋ ಮನೆಯವರ ಮುಖವನ್ನು ಅವಳು ಹತ್ತಿರದಿಂದ ನೋಡಿಯೇ ಇರಲಿಲ್ಲ. ಅವರಿಗೂ ಅವಳ ಗಂಟಲಷ್ಟೇ ಗೊತ್ತು.

ಪೂರ್ತಿ ಹೆಸರು ಮುನಿಲಕ್ಷ್ಮಮ್ಮ. ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ಆಚೆಗಿನ ಹಳ್ಳಿಯವಳು. ಈಗ ಆ ಹಳ್ಳಿಯನ್ನು ಅಪಾರ್ಟ್‌ಮೆಂಟುಗಳು ಸುತ್ತುವರಿದಿವೆ, ಆದರೂ ಅಲ್ಲಿಯವರ ಬಾಯಲ್ಲಿ ಅದು ಇನ್ನೂ ಊರೇ. ಗಂಡ ತೀರಿಕೊಂಡ ಮೇಲೆ ಈ ತಳ್ಳುಗಾಡಿಯ ಸಂಪಾದನೆಯಲ್ಲೇ ಮಗಳು ಪೂಜಿತಾಳನ್ನು ಓದಿಸಿ, ಹೊಸಕೋಟೆಗೆ ಮದುವೆ ಮಾಡಿಕೊಟ್ಟಳು. ನಾನು ನೂರುನ್ನೀಸಾ. ಹುಟ್ಟಿದ್ದು ಶಿವಾಜಿನಗರದಲ್ಲಿ, ಇದೇ ಕ್ರಾಸಿನಲ್ಲಿ ಬಟ್ಟೆ ಆಲ್ಟರ್ ಮಾಡುವ ಸಣ್ಣ ಅಂಗಡಿ ಇಟ್ಟಿದ್ದೇನೆ. ಅವಳ ಗಾಡಿ ನಿಲ್ಲುವುದು ನನ್ನ ಅಂಗಡಿಯ ಪಕ್ಕ, ಬೆಳಗಿನ ಟೀ ನಮ್ಮಿಬ್ಬರದೂ ಒಟ್ಟಿಗೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅವಳಿಗೆ ಸಿಟ್ಟೆಂಬುದೇ ಇಲ್ಲ. ಈ ಕಥೆಯನ್ನು ಸಮಾಧಾನದಿಂದ ಹೇಳು ಎಂದರೆ ನನ್ನ ಕೈಲಾಗುವುದಿಲ್ಲ.

ಅವಳ ಹೆಮ್ಮೆಯೆಲ್ಲ ಅಣ್ಣನ ಮಗ ಭೀಮೇಶ. ಅಣ್ಣ, ಅತ್ತಿಗೆ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಹುಡುಗ ಬೆಳೆದದ್ದು ಇವಳ ಸೊಂಟದ ಮೇಲೆ. ಸಂಜೆ ಅವನು ಕೆರೆ ಏರಿಯ ಮೇಲೆ ಆಡುತ್ತಿದ್ದರೆ ಇವಳು ಬಾಗಿಲಲ್ಲೇ ನಿಂತು “ಭೀಮಾ” ಎಂದು ಒಂದು ಕೂಗು ಹಾಕುವಳಂತೆ, ಅವನು ಆಟ ಬಿಟ್ಟು ಓಡಿ ಬರುವನಂತೆ. ಆ ಹುಡುಗ ಓದಿ ಡಾಕ್ಟರಾದ. ಮತ್ತೂ ಓದಿ ಥೈರಾಯ್ಡ್ ಸ್ಪೆಷಲಿಸ್ಟ್ ಆದ. ಊರಿನವರು ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಲ್ಲಿ ಅವನ ಫೋಟೋದ ಫ್ಲೆಕ್ಸ್ ಕಟ್ಟಿಸಿದರು. ಮಾರತ್ತಹಳ್ಳಿಯಲ್ಲಿ ಕ್ಲಿನಿಕ್ ತೆರೆದ, ನಮ್ಮ ಕ್ರಾಸಿನಲ್ಲೇ ಮೂರನೆಯ ಮಹಡಿಯಲ್ಲಿ ಮನೆ ಕೊಂಡು ತಾಯಿಯನ್ನು ಕರೆತಂದ. ಆ ಮನೆಯ ಬುಟ್ಟಿಗೆ ಲಕ್ಷ್ಮಕ್ಕ ಎಲ್ಲಕ್ಕಿಂತ ಎಳೆಯ ಸೊಪ್ಪನ್ನು ಆರಿಸಿ ಹಾಕುತ್ತಿದ್ದಳು. ದುಡ್ಡಿನ ಮಾತೇ ಇರಲಿಲ್ಲ.

ಅವನೂ ಊರಿನವರಿಂದ ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಿ ನೀರಿನ ಫಿಲ್ಟರ್ ಪಕ್ಕ ಒಂದು ಬೆಂಚು ಇತ್ತು. ಅದಕ್ಕೆ ಊರಿನವರ ಬೆಂಚು ಎಂದೇ ಹೆಸರು. ಫೀಸು ಕೊಟ್ಟವರೆಲ್ಲ ಒಳಗೆ ಹೋಗಿ ಬಂದ ಮೇಲೆ ಆ ಬೆಂಚಿನವರ ಸರದಿ. ಊರಿನವರಿಗೆ ಅದೊಂದು ಮರ್ಯಾದೆ. ನಮ್ಮ ಹುಡುಗ ಇರುವಾಗ ಬೇರೆ ಡಾಕ್ಟರಿಗೆ ತೋರಿಸಿದರೆ ಅವನನ್ನು ನಂಬಲಿಲ್ಲ ಎಂದಾಗುತ್ತದೆ, ಅದು ಅವನಿಗೂ ಅವಮಾನ, ಊರಿಗೂ ಅವಮಾನ. ಹಿತ್ತಲ ಗಿಡ ಮದ್ದಲ್ಲ ಎಂದು ಲೋಕವೆಲ್ಲ ಹೇಳುತ್ತದೆ. ಈ ಊರಿನವರು ಹಿತ್ತಲ ಗಿಡವನ್ನು ಬಿಟ್ಟು ಇನ್ನೊಂದನ್ನು ಮೂಸಿಯೂ ನೋಡುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಲಕ್ಷ್ಮಕ್ಕನ ಕೂಗಿನ ಕೊನೆ ಒಡೆಯತೊಡಗಿತು. ನೆಗಡಿ ಇರಬೇಕು ಎಂದುಕೊಂಡೆವು. ಮೆಣಸಿನ ಕಷಾಯ ಆಯಿತು, ಉಪ್ಪುನೀರು ಆಯಿತು. ಆಮೇಲೆ ಒಂದು ದಿನ ಟೀ ಲೋಟ ಹಿಡಿದುಕೊಂಡು ಅಂದಳು:

“ಮುದ್ದೆ ನುಂಗೋವಾಗ ಅಡ್ಡ ಬತ್ತದೆ ನೂರಮ್ಮ. ಒಳಗ್ ಯಾರೋ ಕೈ ಇಟ್ಟು ತಡ್ದಂಗೆ.”

ಹುಟ್ಟಿದಾಗಿನಿಂದ ಮುದ್ದೆ ನುಂಗಿಕೊಂಡು ಬಂದವಳು ಆ ಮಾತು ಹೇಳಿದರೆ ಸುಮ್ಮನೆ ಹೇಳುವುದಿಲ್ಲ. ಭೀಮೇಶನ ಹತ್ತಿರ ಹೋಗು ಎಂದು ಅವತ್ತೇ ಅಟ್ಟಿದೆ. ಹೋಗಿ ಬಂದಳು. ಒಂದು ರಕ್ತಪರೀಕ್ಷೆ ಮಾಡಿಸಿ “ಥೈರಾಯ್ಡ್ ನಾರ್ಮಲ್ ಇದೆ ಅತ್ತೆ” ಎಂದನಂತೆ. ಗ್ಯಾಸಿನ ಮಾತ್ರೆ ಕೊಟ್ಟನಂತೆ. ಮುದ್ದೆ ಬಿಟ್ಟು ಚಪಾತಿ ತಿನ್ನಿ ಎಂದನಂತೆ. ಮಳೆಗಾಲದಲ್ಲಿ ಮತ್ತೆ ಹೋದಳು. ಮತ್ತೆ ಅದೇ ಒಂದು ಪರೀಕ್ಷೆ, ಅದೇ ನಾರ್ಮಲ್. ಗಂಟಲಿನ ಡಾಕ್ಟರಿಗೆ ತೋರಿಸಲೇ ಎಂದು ಇವಳೇ ಕೇಳಿದರೆ, “ಬೇಡ ಅತ್ತೆ, ಅವ್ರು ಸುಮ್ನೆ ದುಡ್ಡು ಕೀಳ್ತಾರೆ. ನೀವು ಕೂಗೋದು ಕಮ್ಮಿ ಮಾಡಿ ಸಾಕು” ಎಂದನಂತೆ.

ಕೂಗಿ ಬದುಕುವವಳಿಗೆ ಕೂಗಬೇಡ ಎನ್ನುವವನು ಯಾವ ಸೀಮೆಯ ವೈದ್ಯ? ನನ್ನ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ. ಅವಳು ನಕ್ಕಳು.

“ಅವನಿಗೆ ನನ್ ಮ್ಯಾಲೆ ಪ್ರೀತಿ ಕಣೆ. ಸುಮ್ನಿರು.”

ದಸರಾ ಬರುವ ಹೊತ್ತಿಗೆ ಅವಳ ಕೂಗು ಎರಡನೆಯ ಮಹಡಿಗೂ ಹತ್ತುತ್ತಿರಲಿಲ್ಲ. ಬುಟ್ಟಿಗಳು ಇಳಿಯುವುದು ಕಡಿಮೆಯಾಯಿತು. ಫೋನಿನಲ್ಲಿ ಬೆರಳೊತ್ತಿದರೆ ಸೊಪ್ಪು ಬಾಗಿಲಿಗೆ ಬರುವ ಕಾಲ, ಗಂಟಲಿಲ್ಲದ ಸೊಪ್ಪಿನವಳನ್ನು ಯಾರು ಕಾಯುತ್ತಾರೆ? ಬಾಡಿದ ಕಟ್ಟುಗಳನ್ನು ಸಂಜೆ ಹಸುವಿಗೆ ಹಾಕಿ ಹೋಗುತ್ತಿದ್ದಳು. ಈ ಸಲ ನಾನೂ ಬರುತ್ತೇನೆ ಎಂದು ಅಂಗಡಿಗೆ ಬೀಗ ಹಾಕಿ ಮಾರತ್ತಹಳ್ಳಿಗೆ ಹೊರಟೆ.

ಊರಿನವರ ಬೆಂಚಿನಲ್ಲಿ ಇಬ್ಬರೂ ಕೂತೆವು. ಕೂತು ಕೂತು ಸೊಂಟ ಹಿಡಿಯಿತು. ಕಾಂಪೌಂಡರ್ ಒಳಗೆ ಹೊರಗೆ ಓಡಾಡುತ್ತಿದ್ದುದರಿಂದ ಬಾಗಿಲು ಅರ್ಧ ತೆರೆದೇ ಇತ್ತು. ಒಳಗೆ ಕುತ್ತಿಗೆಗೆ ಕಂಪನಿಯ ಟ್ಯಾಗ್ ಹಾಕಿಕೊಂಡ ಒಬ್ಬ ಹುಡುಗಿ ಕೂತಿದ್ದಳು. ಭೀಮೇಶ ಕುರ್ಚಿಯಿಂದ ಎದ್ದು ಅವಳ ಬೆನ್ನ ಹಿಂದೆ ಬಂದು ನಿಂತ. ಎರಡೂ ಕೈಯ ಬೆರಳುಗಳನ್ನು ಅವಳ ಕತ್ತಿನ ಮೇಲೆ ಮೆಲ್ಲಗೆ ಇಟ್ಟ. ಅವಳ ಕೈಗೆ ನೀರಿನ ಲೋಟ ಕೊಡಿಸಿದ.

“ಒಂದು ಗುಟುಕು ಬಾಯಲ್ಲಿ ಇಟ್ಕೊಳಿ. ಹಾಂ, ಈಗ ನುಂಗಿ. ಇನ್ನೊಂದ್ಸಲ... ನುಂಗಿ.”

ಬೆರಳುಗಳು ಕತ್ತಿನ ಮೇಲೆ ಹುಡುಕುತ್ತಾ ಹೋದವು. ಆಮೇಲೆ ಕೂತು, ಕತ್ತಿನ ಸ್ಕ್ಯಾನ್ ಯಾಕೆ ಮಾಡಿಸಬೇಕು, ಇನ್ನೂ ಯಾವ ಯಾವ ರಕ್ತಪರೀಕ್ಷೆ ಬೇಕು ಎಂದು ನಿಧಾನವಾಗಿ ಬಿಡಿಸಿ ಹೇಳಿದ. ಒಳ್ಳೆಯ ಡಾಕ್ಟರು ಹೇಗಿರಬೇಕೋ ಹಾಗೇ ಇದ್ದ. ಪಕ್ಕಕ್ಕೆ ತಿರುಗಿದೆ. ಲಕ್ಷ್ಮಕ್ಕ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ನಂಗೆ ಯಾವತ್ತೂ ಇಂಗ್ ಮಾಡ್ಲಿಲ್ಲ” ಎಂದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಬಾಗಿ ಕೇಳಬೇಕಾಯಿತು.

ಎಲ್ಲರೂ ಹೋದ ಮೇಲೆ ನಮ್ಮನ್ನು ಕರೆದರು. ಭೀಮೇಶ ಎದ್ದು ಬಂದು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಕುರ್ಚಿ ಎಳೆದು ಕೂರಿಸಿದ, ಟೀ ತರಿಸಲೇ ಎಂದು ಕೇಳಿದ. ಕಾಲು ಮುಟ್ಟಿದವನು ಕತ್ತು ಮುಟ್ಟಲಿಲ್ಲ.

“ಏನತ್ತೆ, ಹೆಂಗಿದೀರ?”

“ಚೆನ್ನಾಗಿವ್ನಿ ಕಣಪ್ಪ” ಎಂದಳು. ಅದೂ ಅವಳ ಕರ್ಮ. ನೆಂಟರು ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಅವಳಿಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಲೋಟದ ಕಡೆ ಕೈ ತೋರಿಸಿದಳು. “ಆ ಮಗೀಗೆ ಮಾಡ್ದಲ್ಲ, ನಂಗೂ ಒಂದ್ ಕಿತ ನೀರು ನುಂಗ್ಸಿ ನೋಡಪ್ಪ.”

ಅವನು ಜೋರಾಗಿ ನಕ್ಕ. “ಅಯ್ಯೋ, ನಿಮಗ್ಯಾಕತ್ತೆ ಅದೆಲ್ಲ? ಅವ್ರದ್ದು ಬೇರೆ ಕೇಸು. ನಿಮ್ದು ಎರಡು ಸಲಾನೂ ನಾರ್ಮಲ್ ಬಂದಿದೆ.”

“ಡಾಕ್ಟ್ರೇ, ಮಾತಾಡೋಕೇ ಆಗ್ತಿಲ್ಲ ಇವರಿಗೆ. ಒಂದ್ಸಲ ಕತ್ತು ನೋಡ್ಬಿಡಿ” ಎಂದೆ ನಾನು.

“ಆಂಟಿ, ನಮ್ಮತ್ತೆ ವಿಷ್ಯ ನಂಗೊತ್ತಿಲ್ವಾ? ಕಲ್ಲುಗುಂಡಿನ ಹಂಗಿದಾರೆ.” ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಫೋನ್ ಕಿವಿಗಿಟ್ಟುಕೊಂಡೇ ಅದೇ ಮಾತ್ರೆಯ ಒಂದು ಪಟ್ಟಿಯನ್ನು ಅತ್ತೆಯ ಕೈಗೆ ಹಾಕಿ, ಬೆನ್ನು ತಟ್ಟಿ ಕಳಿಸಿದ.

ಟಿನ್ ಫ್ಯಾಕ್ಟರಿಯಲ್ಲಿ ಅವಳನ್ನು ಊರಿನ ಬಸ್ಸು ಹತ್ತಿಸಲು ನಿಂತಿದ್ದೆವು. ಲಕ್ಷ್ಮಕ್ಕ ಚೀಲದಿಂದ ಬಾಟಲಿ ತೆಗೆದಳು. ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು, ಅವನು ಮಾಡಿದ ಹಾಗೇ ತನ್ನ ಬೆರಳುಗಳನ್ನು ತಾನೇ ಕತ್ತಿನ ಮೇಲಿಟ್ಟುಕೊಂಡು ನುಂಗಿದಳು. ಇನ್ನೊಂದು ಸಲ ನುಂಗಿದಳು. ನನ್ನ ಕೈ ಹಿಡಿದು ಅಲ್ಲಿಗೆ ಒಯ್ದಳು. ಸೆರಗಿನ ಕೆಳಗೆ, ಎಡಗಡೆಗೆ, ನೆಲ್ಲಿಕಾಯಿಯಷ್ಟು ಗಟ್ಟಿಯಾದದ್ದೊಂದು ನೀರಿನ ಜೊತೆ ಮೇಲೆ ಹೋಗಿ ಕೆಳಗೆ ಬಂತು. ಯಾ ಅಲ್ಲಾ ಎಂದು ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಅವತ್ತು ಬಸ್ಸು ಹತ್ತಲಿಲ್ಲ, ನನ್ನ ಮನೆಯಲ್ಲೇ ಉಳಿದಳು.

ಮಾರನೆಯ ಬೆಳಿಗ್ಗೆ ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಮ್ಯಶ್ರೀ ಎಂಬ ಚಿಕ್ಕ ವಯಸ್ಸಿನ ಡಾಕ್ಟರು, ಹೊರಗೆ ಜಾತ್ರೆಯಂಥ ಜನ. ಆದರೂ ಆಕೆ ಲಕ್ಷ್ಮಕ್ಕನ ದನಿ ಕೇಳಿದ ಕೂಡಲೇ ಎದ್ದು ಹಿಂದೆ ಬಂದು ಕತ್ತು ಮುಟ್ಟಿದಳು. ಸ್ಕ್ಯಾನ್ ಆಯಿತು, ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಆಯಿತು. ಅದು ಕ್ಯಾನ್ಸರ್. ಥೈರಾಯ್ಡಿನ ರಕ್ತಪರೀಕ್ಷೆ ನಾರ್ಮಲ್ ಇದ್ದರೂ ಇಂಥ ಗಂಟು ಇರಬಹುದು, ದನಿ ಕೆಟ್ಟರಂತೂ ಕತ್ತು ನೋಡಲೇಬೇಕು ಎಂದು ಆಕೆ ನನಗೆ ತಿಳಿಸಿ ಹೇಳಿದಳು. ಆಪರೇಷನ್ ಮಾಡಿದರೆ ಜೀವಕ್ಕೆ ಭಯವಿಲ್ಲ. ಆದರೆ ದನಿಯ ನರವನ್ನು ಗಂಟು ಆಗಲೇ ಹಿಡಿದುಕೊಂಡಿದೆ, ದನಿ ಮೊದಲಿನಂತೆ ಬರುವುದು ಕಷ್ಟ.

“ಇಷ್ಟು ತಿಂಗಳು ಯಾರ್ಗೂ ತೋರಿಸಲಿಲ್ವಾ ಅಮ್ಮಾ?” ಎಂದು ಕೇಳಿದಳು.

ನಾನು ಬಾಯಿ ತೆರೆದೆ. ಲಕ್ಷ್ಮಕ್ಕ ಮೇಜಿನ ಕೆಳಗೆ ನನ್ನ ತೊಡೆಯನ್ನು ಚಿವುಟಿದಳು.

“ಇಲ್ಲ ಕಣವ್ವ. ಯಾರ್ಗೂ ತೋರ್ಸಿಲ್ಲ. ನಂದೇ ತಪ್ಪು.”

ಹೊರಗೆ ಬಂದ ಮೇಲೆ ನಡುಬೀದಿಯಲ್ಲಿ ಅವಳ ಮೇಲೆ ಕೂಗಾಡಿದೆ. ಜನ ನಿಂತು ನೋಡಿದರು. ನನ್ನನ್ನು ಕೂಗಿ ಮುಗಿಸಲು ಬಿಟ್ಟು ಅವಳು ಪಿಸುಗುಟ್ಟಿದಳು: “ಊರಿಗೆಲ್ಲ ಒಬ್ಬನೇ ಡಾಕ್ಟ್ರು ಕಣೆ. ಅವನ ಹೆಸ್ರು ನನ್ ಬಾಯಿಂದ ಕೆಡೋದ್ ಬ್ಯಾಡ. ಕುರಾನಿನ ಮ್ಯಾಲೆ ಆಣೆ ಮಾಡು.” ಆಣೆ ಗೀಣೆ ಇಲ್ಲ, ಮಾತು ಕೊಡುತ್ತೇನೆ ಎಂದೆ. ಮಾತು ಕೊಟ್ಟೆ. ಇವತ್ತಿಗೂ ಅದು ನನ್ನ ಎದೆಯಲ್ಲಿ ಉರಿಯುತ್ತದೆ.

ಮಗಳ ಮನೆಗೆ ಹೋಗುತ್ತೇನೆ ಎಂದು ಊರಿಗೂ ಅತ್ತಿಗೆಗೂ ಹೇಳಿ ಆಪರೇಷನ್ ಮಾಡಿಸಿಕೊಂಡಳು. ಹೊಸಕೋಟೆಯಲ್ಲಿ ಪೂಜಿತಾ ಬಾಣಂತಿಯಂತೆ ನೋಡಿಕೊಂಡಳು. ಸಂಕ್ರಾಂತಿ ಕಳೆದು ವಾಪಸು ಬಂದಾಗ ಕತ್ತಿನಲ್ಲಿ ಅಡ್ಡಕ್ಕೆ ಒಂದು ಗೆರೆ ಇತ್ತು, ಅದರ ಮೇಲೆ ಸೆರಗು. ಮಾತು ಬರೀ ಗಾಳಿ. ಎದುರಿಗೆ ಕೂತರೆ ಮಾತ್ರ ತಿಳಿಯುತ್ತದೆ, ಹಿಂದೆ ಒಂದು ಆಟೋ ಹೋದರೆ ಅದೂ ಇಲ್ಲ.

ನನ್ನ ತಂಗಿ ಶಕೀಲಾ ಸೌದಿಯ ದಮಾಮಿನಲ್ಲಿದ್ದಾಳೆ. ಮದುವೆಯಾಗಿ ಹೋದ ಹೊಸದರಲ್ಲಿ ನಮ್ಮ ಬೀದಿಯ ನೆನಪಾಗಿ ಅಳುತ್ತಿದ್ದಳು. ಆಗ ಒಂದು ಬೆಳಿಗ್ಗೆ ಲಕ್ಷ್ಮಕ್ಕನ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದೆ. ಅವಳು ಅದನ್ನು ಅಳಿಸಿರಲಿಲ್ಲ, ತಿರುಗಿ ಕಳಿಸಿದಳು. ಶಿವಾಜಿನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಫೈಸಲ್, ನನ್ನ ಅಕ್ಕನ ಮಗ, ಅದನ್ನು ಬ್ಯಾಟರಿಯ ಸ್ಪೀಕರಿಗೆ ಹಾಕಿಕೊಟ್ಟ. ಗಾಡಿಗೆ ಕಟ್ಟಿ ಗುಂಡಿ ಒತ್ತಿದೆ. ಲಕ್ಷ್ಮಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

“ಸತ್ತೋರ ಫೋಟೋಕ್ಕೆ ಹಾರ ಹಾಕ್ದಂಗೈತೆ. ತೆಗೆದಾಕು.”

ತೆಗೆಯಲಿಲ್ಲ. ಹೊಟ್ಟೆಪಾಡು ದೊಡ್ಡದು. ಒಂದು ವಾರಕ್ಕೆ ಒಗ್ಗಿಕೊಂಡಳು, ಬುಟ್ಟಿಗಳು ಮತ್ತೆ ಇಳಿದವು.

ಒಂದು ಭಾನುವಾರ ಭೀಮೇಶ ಮನೆಯಲ್ಲಿದ್ದ. ಅಂಗಡಿಯ ಬಾಗಿಲಲ್ಲಿ ನಿಂತು ನಾನು ಎಲ್ಲವನ್ನೂ ನೋಡಿದೆ. ಅವನ ತಾಯಿ ಬುಟ್ಟಿ ಇಳಿಸಿದಳು. ಸ್ಪೀಕರ್ ಕೂಗುತ್ತಲೇ ಇತ್ತು. ಕಾಫಿ ಲೋಟ ಹಿಡಿದುಕೊಂಡು ಅವನು ಬಾಲ್ಕನಿಗೆ ಬಂದ, ಕೆಳಗೆ ಬಾಗಿದ, ಮುಖವೆಲ್ಲ ನಗು.

“ಅತ್ತೇ! ವಾಯ್ಸ್ ವಾಪಸ್ ಬಂತಲ್ಲಾ! ಏನೂ ಆಗಿಲ್ಲ ಅಂತ ನಾನ್ ಹೇಳ್ಲಿಲ್ವಾ?”

ಲಕ್ಷ್ಮಕ್ಕ ಕತ್ತೆತ್ತಿ ನೋಡಿದಳು. ಕೈ ಚಾಚಿ ಸ್ಪೀಕರ್ ಆರಿಸಿದಳು. ಬೀದಿ ಗಪ್ಪೆಂದಿತು. ಕತ್ತಿನ ಮೇಲಿನ ಸೆರಗು ಸರಿಸಿ, ಬಾಯಿ ತೆರೆದು “ಭೀಮಾ” ಎಂದಳು. ನಾನು ನಾಲ್ಕು ಮಾರು ದೂರದಲ್ಲಿದ್ದೆ, ತುಟಿ ನೋಡಿದ್ದರಿಂದ ತಿಳಿಯಿತು.

ಅವನು ಕಿವಿಗೆ ಕೈ ಹಿಡಿದ. “ಏನತ್ತೆ? ಕೇಳಿಸ್ತಿಲ್ಲ. ಜೋರಾಗಿ ಹೇಳಿ!”

ಅವಳು ಮತ್ತೊಮ್ಮೆ ಹೇಳಲಿಲ್ಲ. ಕಾದಳು. ಕೆರೆ ಏರಿಯಿಂದ ಓಡಿ ಬರುತ್ತಿದ್ದ ಹುಡುಗ ಮೂರು ಮಹಡಿ ಇಳಿದು ಬರುತ್ತಾನೇನೋ ಎಂದು ಕಾದಳು. ನನ್ನ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು, ಕೊಟ್ಟ ಮಾತು ಹಿಡಿದು ನಿಲ್ಲಿಸಿತು. ಅವನು ಮೇಲಿನಿಂದಲೇ ಹೆಬ್ಬೆರಳು ಎತ್ತಿ ತೋರಿಸಿ, ಇನ್ನೊಂದು ಗುಟುಕು ಕಾಫಿ ಕುಡಿದ.

ಲಕ್ಷ್ಮಕ್ಕ ಹಗ್ಗ ಜಗ್ಗಿದಳು. ಬುಟ್ಟಿ ಖಾಲಿಯಾಗಿಯೇ ಮೇಲೆ ಹೋಯಿತು.

“ಲಕ್ಷ್ಮಮ್ಮಾ, ಸೊಪ್ಪೇ ಹಾಕಿಲ್ವಲ್ಲೇ!” ಎಂದು ಅತ್ತಿಗೆ ಕೂಗುವಷ್ಟರಲ್ಲಿ ಅವಳು ಗಾಡಿ ತಳ್ಳಿಕೊಂಡು ತಿರುವು ದಾಟಿದ್ದಳು. ಪಕ್ಕದ ಕ್ರಾಸಿನಿಂದ ಕೂಗು ಎದ್ದಿತು, ಒಡಕಿಲ್ಲದ, ತುಂಬಿದ, ಹಳೆಯ ದನಿ. ಬಾಲ್ಕನಿಯಲ್ಲಿ ಭೀಮೇಶ ತಾಯಿಯ ಕಡೆ ತಿರುಗಿ, “ನೋಡಮ್ಮ, ಎಷ್ಟ್ ಚೆನ್ನಾಗಿ ಕೇಳಿಸ್ತಿದೆ” ಎನ್ನುತ್ತಿದ್ದ.