ಕಾಗದ ತಿರುಗಿಸಿ, ಟೀಚರ್

ನಾಲ್ಕನೇ ತರಗತಿಯ ಟೀಚರಿಗೆ ಲೆಕ್ಕ ನೀರು ಕುಡಿದಷ್ಟು ಸಲೀಸು, ವ್ಯಾಕರಣವಂತೂ ನಾಲಿಗೆಯ ತುದಿಯಲ್ಲಿ. ದಿಕ್ಕು ಮಾತ್ರ ತಲೆಗೆ ಹತ್ತಿದ್ದೇ ಇಲ್ಲ. ಬಟ್ಟೆ ಅಂಗಡಿಯಿಂದ ಹೊರಬಿದ್ದರೆ ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯದೆ ಮೆಟ್ಟಿಲ ಮೇಲೇ ನಿಂತುಬಿಡುತ್ತಿದ್ದರು. ಮನೆಗಳಿಗೆ ಬಣ್ಣ ಬಳಿಯುವ ಕೆಲಸದ ಗಂಡ, "ನಿನ್ನನ್ನ ಅಡುಗೆಮನೇಲಿ ಮೂರು ಸುತ್ತು ತಿರುಗಿಸಿದ್ರೆ ಬಾಗಿಲು ಹುಡುಕೋಕೆ ಪೊಲೀಸ್‌ನೋರು ಬರಬೇಕು ಕಣೇ" ಎಂದು ನಗುತ್ತಿದ್ದ. ನಗುತ್ತಲೇ ಎಲ್ಲಿಗೆ ಬೇಕಾದರೂ ಸ್ಕೂಟರಿನಲ್ಲಿ ಬಿಟ್ಟುಬರುತ್ತಿದ್ದ. ಹೀಗಾಗಿ ದಾರಿ ಕಲಿಯುವ ಗರಜೇ ಆಕೆಗೆ ಬೀಳಲಿಲ್ಲ.

ಅಂಥವರ ಕೊರಳಿಗೆ ಭೂಗೋಳ ಬಂದು ಬಿತ್ತು. ಆ ಪಾಠ ಮಾಡುತ್ತಿದ್ದವರು ನಿವೃತ್ತರಾದಾಗ ಹೆಡ್‌ಮಾಸ್ಟರು, "ಚಿಕ್ಕ ಮಕ್ಕಳ ಪಾಠ ಮೇಡಂ, ಏನು ಮಹಾ!" ಎಂದು ನಕ್ಷೆಯ ಸುರುಳಿಯನ್ನು ಕೈಗಿಟ್ಟು ಹೋದರು.

ಮೊದಲ ದಿನ ಟೀಚರು ಬೋರ್ಡಿನತ್ತ ಕೈಚಾಚಿ, "ಇದು ಉತ್ತರ" ಎಂದರು.

"ಅಲ್ಲ ಟೀಚರ್," ಎಂದು ಎದ್ದಳು ಮುಂದಿನ ಬೆಂಚಿನ ಹುಡುಗಿ. ಮಾತುಮಾತಿಗೂ ವಾದ ಹೂಡುತ್ತಿದ್ದ ಅವಳಿಗೆ ಶಾಲೆಯಲ್ಲೆಲ್ಲ ಲಾಯರಮ್ಮ ಎಂದೇ ಹೆಸರು. "ಬೆಳಗ್ಗೆ ಬಿಸಿಲು ನಮ್ಮ ಎಡಗಡೆ ಕಿಟಕೀಲಿ ಬರುತ್ತೆ. ಅದು ಪೂರ್ವ. ಅಂದ್ಮೇಲೆ ಬೋರ್ಡ್ ಇರೋದು ದಕ್ಷಿಣಕ್ಕೆ."

"ಪುಸ್ತಕದಲ್ಲಿ ಮೇಲ್ಗಡೆ ಉತ್ತರ ಅಲ್ವೇನೇ?"

"ಅದು ಪುಸ್ತಕದಲ್ಲಿ ಟೀಚರ್. ಗೋಡೇಲಲ್ಲ."

ಟೀಚರ ಮುಖ ಕೆಂಪಾಯಿತು. ಗದರಿಸಿ ಕೂರಿಸಬಹುದಿತ್ತು, ಯಾಕೋ ಮನಸ್ಸು ಬರಲಿಲ್ಲ. ಮೇಜಿಗೊರಗಿ, "ನಿಜ ಹೇಳ್ಲಾ? ನಂಗೆ ದಿಕ್ಕು ಗೊತ್ತಾಗಲ್ಲ. ನಿಮ್ಮ ಜೊತೆ ನಾನೂ ಕಲೀತೀನಿ" ಎಂದರು.

ಮಕ್ಕಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟೀಚರಿಗೇ ಪಾಠ ಹೇಳುವುದೆಂದರೆ ಸುಮ್ಮನೆಯೇ? ಬೆಂಚುಗಳನ್ನು ಸರಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ತರಗತಿಯ ನಕ್ಷೆ ಬರೆದರು. ಆಮೇಲೆ ಶಾಲೆಯದು, ಆಮೇಲೆ ಬೀದಿಯದು. ಒಂದು ಶನಿವಾರ ಟೀಚರಿಗೇ ಪರೀಕ್ಷೆ ನಿಗದಿಯಾಯಿತು: ಮಕ್ಕಳು ಬರೆದ ನಕ್ಷೆ ಹಿಡಿದು, ಯಾರನ್ನೂ ಕೇಳದೆ ಲಾಯರಮ್ಮನ ಮನೆ ಮುಟ್ಟಬೇಕು. ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ಹಿಂದೆ ಬರಬೇಕು.

ಬೇಕರಿಯವರೆಗೆ ಏನೋ ಸರಿಹೋಯಿತು. ತಿರುವಿನಲ್ಲಿ ಟೀಚರು ನಕ್ಷೆ ನೋಡುತ್ತ ಕತ್ತು ಹೊರಳಿಸಿದರು, ಸೊಂಟ ಹೊರಳಿಸಿದರು, ಕಡೆಗೆ ಬಂದ ದಾರಿಯಲ್ಲೇ ಹೊರಟರು. ಲಾಯರಮ್ಮನಿಗೆ ತಡೆಯಲಾಗಲಿಲ್ಲ.

"ನೀವು ತಿರುಗಬೇಡಿ ಟೀಚರ್, ಕಾಗದ ತಿರುಗಿಸಿ! ಕಣ್ಣ ಮುಂದೆ ಏನಿದ್ಯೋ ಅದು ಕಾಗದದಲ್ಲೂ ಮುಂದೆ ಬರಬೇಕು."

ಟೀಚರು ಕಾಗದ ತಿರುಗಿಸಿದರು. ಬೀದಿ ಬೀದಿಯ ಜಾಗದಲ್ಲಿ ಬಂದು ಕೂತಿತು, ಔಷಧಿ ಅಂಗಡಿ ಅದರ ಮೂಲೆಗೆ ಬಂತು. ನಲವತ್ತು ದಾಟಿದ ಮೇಲೆ ಮೊದಲ ಸಲ ಅವರಿಗೆ ತಾವು ಎಲ್ಲಿ ನಿಂತಿದ್ದೇವೆಂದು ತಿಳಿದಿತ್ತು.

ಅದಾಗಿ ಕೆಲವೇ ವಾರಕ್ಕೆ ಮಧ್ಯಾಹ್ನದ ಹೊತ್ತು ಫೋನ್ ಬಂತು. ಗಂಡ ಏಣಿಯಿಂದ ಬಿದ್ದಿದ್ದ. ಜೊತೆ ಕೆಲಸದವನು ದೊಡ್ಡಾಸ್ಪತ್ರೆಗೆ ಸೇರಿಸಿದ್ದ. "ಅಕ್ಕ, ಮೂಳೆ ವಾರ್ಡಿಗೆ ಹಾಕ್ತಾರಂತೆ. ನೀವು ಗೇಟಲ್ಲೇ ಇರಿ, ಎಕ್ಸ್‌ರೇ ಮುಗಿಸ್ಕೊಂಡು ಬಂದು ಕರ್ಕೊಂಡು ಹೋಗ್ತೀನಿ" ಎಂದ.

ಗೇಟಿನಲ್ಲಿ ನಿಲ್ಲಲು ಯಾವ ಹೆಂಡತಿಗಾದರೂ ಆದೀತೇ? ಒಳಗೆ ನೋಡಿದರೆ ಕಟ್ಟಡದ ಬೆನ್ನಿಗೆ ಕಟ್ಟಡ, ಎಲ್ಲ ಗೋಡೆಗೂ ಒಂದೇ ಹಸಿರು. ಎದುರಿಗೆ ಆಸ್ಪತ್ರೆಯ ನಕ್ಷೆಯಿತ್ತು; ಅದನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದರು, ತಿರುಗಿಸುವುದು ಹೇಗೆ? ಬ್ಯಾಗಿನಲ್ಲಿ ತಡಕಾಡಿ, ಬಸ್ ಟಿಕೆಟಿನ ಬೆನ್ನಿಗೆ ನಾಲ್ಕು ಗೆರೆ ಎಳೆದುಕೊಂಡರು. ಮೂಲೆ ಬಂದಾಗಲೆಲ್ಲ ಟಿಕೆಟ್ ತಿರುಗಿಸುತ್ತ, ಒಂದು ಕಡೆ ತಪ್ಪಿ ಬಟ್ಟೆ ಒಗೆಯುವ ಕೋಣೆಗೆ ನುಗ್ಗಿ, ಹಿಂದೆ ಬಂದು, ಮೂಳೆ ವಾರ್ಡ್ ಮುಟ್ಟಿದರು.

ಮಂಚದ ಮೇಲಿದ್ದ ಗಂಡ ಬಾಗಿಲತ್ತ ನೋಡಿದ. "ಯಾರು ಕರ್ಕೊಂಡು ಬಂದ್ರೇ?"

"ಯಾರೂ ಇಲ್ಲ ರೀ. ನಾನೇ ಬಂದೆ."

"ಒಬ್ಳೇನಾ? ಹಂಗಾದ್ರೆ ಕಾಲು ಮುರಿದಿದ್ದೇನೂ ದಂಡ ಆಗ್ಲಿಲ್ಲ ಬಿಡು!"

ಆಕೆಗೆ ನಗುವೂ ಬಂತು, ತಡೆದಿದ್ದ ಅಳುವೂ ಬಂತು. ಅವನ ಕೈಹಿಡಿದು ಬಹಳ ಹೊತ್ತು ಕೂತರು. ಕಾಲು ಕೂಡಿಕೊಳ್ಳುತ್ತದೆ, ಭಯವಿಲ್ಲ ಎಂದರು ಡಾಕ್ಟರು. ಹಾಗೆಯೇ ಆಯಿತು ಕೂಡ.

ಮುಂದಿನ ಸೋಮವಾರ ಟೀಚರು ಮಕ್ಕಳಿಗೆ ನಡೆದದ್ದನ್ನೆಲ್ಲ ಹೇಳಿ, "ಅವತ್ತು ಅವರ ಹತ್ತಿರ ನನ್ನನ್ನ ಮುಟ್ಟಿಸಿದ್ದು ನೀವು. ನಿಮ್ಮ ಉಪಕಾರ ನಾನು ಮರೆಯಲ್ಲ" ಎಂದರು.

"ಅಂಕಲ್ ಬ್ಯಾಂಡೇಜ್ ಮೇಲೆ ನಾವು ಚಿತ್ರ ಬರೀಬಹುದಾ ಟೀಚರ್?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಕೇಳಿ ನೋಡ್ತೀನಿ," ಎಂದು ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಈಗ ಪುಸ್ತಕ ತೆಗೀರಿ. ಇವತ್ತು ನದಿಗಳು."