ಅಪ್ಪನ ಬ್ರೇಕು, ಅತ್ತಿಗೆಯ ಬೀಗ

ನನ್ನ ಅತ್ತಿಗೆ ಗೇಮ್‌ಗಳಿಗೆ ಕೋಡ್ ಬರೆಯುವವರು. ಟಿವಿ ರಿಮೋಟನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುವ ಪೈಕಿ. ಈ ಸಲ ಅವರು ಬರೆಯುತ್ತಿದ್ದದ್ದು ಹೊಸ ಡ್ರೈವರ್‌ಗಳಿಗೆ ಬಸ್ಸು ಓಡಿಸಲು ಕಲಿಸುವ ಗೇಮ್. ಚಿತ್ರಗಳು ನನ್ನವು. ಬ್ರೇಕ್ ಹೇಗಿರಬೇಕೆಂದು ಹೇಳಲು ಕಂಪ್ಯೂಟರಿಗೆ ಜೋಡಿಸಿದ ಪೆಡಲಿನ ಮುಂದೆ ಕೂತವರು ನನ್ನಪ್ಪ. ಮೂವತ್ತೆರಡು ವರ್ಷ ಬಸ್ಸು ಓಡಿಸಿ, ಮಂಡಿ ಆಪರೇಷನ್ ಆದಮೇಲೆ ಸ್ಟಿಯರಿಂಗ್ ಬಿಟ್ಟವರು. ನಾಲ್ಕು ಗಂಟೆಗೆ ಅವರ ಹಳೆಯ ಡಿಪೋದವರೇ ನೋಡಲು ಬರುವವರಿದ್ದರು. ಬ್ರೇಕ್ ಸರಿಯಿಲ್ಲದಿದ್ದರೆ ಅಪ್ಪನ ಮಾನ ಹೋದಂತೆಯೇ.

"ಇನ್ನೊಂಚೂರು ಮೆತ್ತಗೆ ಹಿಡೀಬೇಕಮ್ಮ."

"ಒಂಚೂರು ಅಂದ್ರೆ ಎಷ್ಟು ಮಾವ? ನಂಬರ್ ಹೇಳಿ."

"ಕಾಲಿಗೆ ಗೊತ್ತು, ಬಾಯಿಗೆ ಬರಲ್ಲ."

ಅತ್ತಿಗೆ ಕೋಡ್ ತೆರೆದು ಅಂಕಿ ಬದಲಿಸುವುದು, ಗೇಮ್ ಓಡಿಸುವುದು, ಅಪ್ಪ ಪೆಡಲ್ ಒತ್ತಿ ಊಹೂಂ ಅನ್ನುವುದು. ಬೆಳಗಿನಿಂದ ನಲವತ್ತು ಸಲ! ನನಗೆ ತಡೆಯಲಾಗಲಿಲ್ಲ.

"ಆ ಬ್ರೇಕಿನ ಅಂಕಿ ಇರೋ ವೇರಿಯಬಲ್ ಪಬ್ಲಿಕ್ ಮಾಡಿಬಿಡಿ ಅತ್ತಿಗೆ. ಸ್ಕ್ರೀನ್ ಮೇಲೆ ಬರುತ್ತೆ, ಅಪ್ಪನೇ ಹೆಚ್ಚು ಕಮ್ಮಿ ಮಾಡ್ಕೊಳ್ಳಲಿ."

"ಹೋದ ತಿಂಗಳು ಮಾಡಿದ್ದೆ. ಗೇಮಲ್ಲಿ ಮಳೆ ಸುರಿಸೋ ಕೋಡು ಬಂದು ಬ್ರೇಕಿಗೇ ಕೈ ಹಾಕ್ತು, ಬಸ್ಸು ನದಿ ಸೇರ್ತು. ಪಬ್ಲಿಕ್ ಅಂದ್ರೆ ಯಾವ ಕೋಡ್ ಬೇಕಾದ್ರೂ ಮುಟ್ಟುತ್ತೆ. ಪ್ರೈವೇಟೇ ಸರಿ."

ಎರಡೂವರೆ ಆಯಿತು. ಅಪ್ಪ ಮಂಡಿ ಸವರಿಕೊಂಡರು. ಅದನ್ನು ಕಂಡ ಅತ್ತಿಗೆ ಪಟ್ಟನೆ ಕೀಬೋರ್ಡ್ ಎಳೆದುಕೊಂಡರು. ವೇರಿಯಬಲ್ ಪ್ರೈವೇಟ್ ಆಗಿಯೇ ಉಳಿಯಿತು. ಅದರ ತಲೆಯ ಮೇಲೆ ಒಂದೇ ಒಂದು ಸಾಲು ಬಂತು, ಇದನ್ನು ಸ್ಕ್ರೀನಿನಲ್ಲಿ ತೋರಿಸು ಅಂತ. ಬೇರೆ ಕೋಡ್ ಮುಟ್ಟುವಂತಿಲ್ಲ, ಮನುಷ್ಯರ ಕೈ ತಿದ್ದಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ! ಬೆಳಗ್ಗೆಯೇ ಹೊಳೆಯಬಾರದಾಗಿತ್ತೇ ಎಂದು ರೇಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ತಗೊಳ್ಳಿ ಮಾವ, ನಿಮ್ಮ ಬ್ರೇಕು."

ಅಪ್ಪನ ಕೈ ಮೌಸಿನ ಮೇಲೆ, ಕಾಲು ಪೆಡಲಿನ ಮೇಲೆ. ಸ್ಕ್ರೀನಿನಲ್ಲಿ ಆ ಅಂಕಿ ಹೆಚ್ಚು ಕಮ್ಮಿ ಮಾಡುವ ಸ್ಲೈಡರ್ ಕೂದಲೆಳೆಯಷ್ಟು ಸರಿಯಿತು, ಮತ್ತೆ ಸರಿಯಿತು.

"ಬಂತು, ಬಂತು... ಹಾಂ! ಇಲ್ಲೇ ಕಣಮ್ಮ!"

ನಾನು ಕುರ್ಚಿಯಿಂದ ನೆಗೆದೇಬಿಟ್ಟೆ. ಅಷ್ಟು ಖುಷಿ.

ನಾಲ್ಕಕ್ಕೆ ಬಂದವರಲ್ಲಿ ಅಪ್ಪನ ಜೊತೆ ಹದಿನೆಂಟು ವರ್ಷ ಟಿಕೆಟ್ ಹರಿದ ಕಂಡಕ್ಟರೂ ಇದ್ದರು. ಬ್ರೇಕ್ ಹದಮಾಡಿದ್ದು ಯಾರೆಂದು ನಾವು ಹೇಳಿರಲಿಲ್ಲ. ಹೊಸ ಡ್ರೈವರೊಬ್ಬ ಗೇಮಿನ ಬಸ್ಸನ್ನು ಜೋರಾಗಿ ಬಿಟ್ಟ. ಸ್ಟಾಪ್ ಬಂತು, ಬ್ರೇಕ್ ಒತ್ತಿದ. ಹಿಂದೆ ನಿಂತಿದ್ದ ಕಂಡಕ್ಟರ ಕೈ ಇಲ್ಲದ ಕಂಬಿ ಹಿಡಿಯಲು ತಾನಾಗಿ ಮೇಲೆದ್ದಿತು. ಬಸ್ಸು ಮೆಲ್ಲನೆ ನಿಂತಿತು. ಅವರು ಕೈ ಇಳಿಸಿ, ಅಪ್ಪನ ಕಡೆ ತಿರುಗಿದರು.

"ಏನಯ್ಯಾ, ಇದು ನಿನ್ನ ಕಾಲಲ್ವಾ? ನಿನ್ನ ಬಸ್ಸಲ್ಲಿ ನಾನು ಯಾವತ್ತು ಕಂಬಿ ಹಿಡಿದಿದ್ದೆ!"